ಮೇಸ್ತ್ರಿ ಆರಿಸಿದ್ದು, ನಾನು ತಂದದ್ದು

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ನಮ್ಮನೆಯವಳು ಇರುವಷ್ಟು ದಿನ, ಅವಳ ಕಣ್ಣಿಗೆ ಬಿದ್ದರೆ ಏನು ಗತಿ ಎಂದುಕೊಂಡು ಸುಮ್ಮನಾದೆ. ಅವಳು ತೀರಿಕೊಂಡ ಮೇಲೆ, ಈಗ ಹೇಳಿ ಯಾರಿಗೇನು ಎಂದುಕೊಂಡು ಸುಮ್ಮನಾದೆ. ಕಳೆದ ತಿಂಗಳು ಜನ್ನಾಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು, ‘ಓಲ್ಡ್ ಟೌನಿನ ಸ್ಟೌ ರಿಪೇರಿ ಮೇಸ್ತ್ರಿ ಹೋಗ್ಬಿಟ್ರಂತೆ’ ಎಂದರು. ನಾನು ಇಳಿಯಬೇಕಾದ ಸ್ಟಾಪು ದಾಟಿ ಹೋದದ್ದು ನನಗೆ ಗೊತ್ತಾಗಲಿಲ್ಲ.

ನಾನು ಓದಿದ್ದು ಹೈಸ್ಕೂಲು. ಭದ್ರಾವತಿಯ ಜನ್ನಾಪುರದಲ್ಲಿ ಮೂವತ್ತು ವರ್ಷ ಹಾರ್ಡ್‌ವೇರ್ ಅಂಗಡಿ ನಡೆಸಿದವನು. ಬರೆಯುವುದೆಂದರೆ ಬಿಲ್ಲು ಬರೆಯುವುದು, ಅಷ್ಟೆ. ಅದು ಬಿಟ್ಟರೆ ಒಂದೇ ಒಂದು ದೂರಿನ ಕಾಗದ ಬರೆದಿದ್ದೇನೆ. ಅದರಲ್ಲಿದ್ದದ್ದೆಲ್ಲ ಸುಳ್ಳು.

ಸ್ಟೌ ರಿಪೇರಿಗೆ ಬರುವ ಮುಂಚೆ ಮೇಸ್ತ್ರಿ ಕೋವಿ ರಿಪೇರಿ ಮಾಡುತ್ತಿದ್ದರು. ಶಿವಮೊಗ್ಗದಲ್ಲಿ ಒಂದು ಕೋವಿ ಅಂಗಡಿ. ಮುಂದೆ ಯಜಮಾನರು, ಗಾಜಿನ ಕಪಾಟು, ಏರ್‌ಗನ್ನು, ಗುಂಡಿನ ತೋಟಾಗಳ ಡಬ್ಬಗಳು. ಹಿಂದೆ ಒಂದು ಕೋಣೆ, ಒಂದು ಕಿಟಕಿ, ಸಾಮಾನು ಬಿಗಿದು ಹಿಡಿಯುವ ಒಂದು ವೈಸು, ಮೇಸ್ತ್ರಿ. ಮೊದಲು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರಂತೆ. ಅಲ್ಲಿ ಕೆಲಸ ಕಡಿಮೆಯಾದ ಮೇಲೆ ಇಲ್ಲಿ ಸೇರಿದ್ದರು. ಮನೆಮಾತು ತಮಿಳು. ಎಲ್ಲರನ್ನೂ ‘ಸಾಮಿ’ ಎನ್ನುತ್ತಿದ್ದರು. ಡಿವೈಎಸ್‌ಪಿ ಬಂದರೂ ಸಾಮಿ, ಟೀ ತಂದವನೂ ಸಾಮಿ.

ಕೋವಿ ಖಾಲಿ ಇದೆಯೆಂದು ನಾಲ್ಕು ಸಲ ನೋಡಿಕೊಂಡ ಮೇಲೂ ಅದನ್ನು ಗೋಡೆಯ ಕಡೆಗೇ ಹಿಡಿಯುತ್ತಿದ್ದರು. ಆ ಗೋಡೆಗೆ ದೇವರ ಕ್ಯಾಲೆಂಡರ್ ಯಾರಾದರೂ ತಗುಲಿಹಾಕಿದ್ದರೆ ಮೊದಲು ಅದನ್ನು ತೆಗೆದು ಬೇರೆ ಗೋಡೆಗೆ ಹಾಕುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿ, ಕೋವಿಯನ್ನು ಕಿವಿಯ ಹತ್ತಿರ ತಂದು, ಕುದುರೆಯನ್ನು ನಿಧಾನ ಎಳೆದು ಬಿಡುತ್ತಿದ್ದರು. ಕುದುರೆ ಎಂದರೆ ತೋಟಾಕ್ಕೆ ಪೆಟ್ಟು ಕೊಡಲು ಹಿಂದಿನಿಂದ ಬಂದು ಬೀಳುವ ಕೊಕ್ಕೆ. ಆ ಶಬ್ದ ಕೇಳಿಯೇ ಒಳಗೆ ಏನು ಸವೆದಿದೆ ಎಂದು ಹೇಳಿಬಿಡುವರು. ‘ಇದಕ್ಕೆ ಕೆಮ್ಮು’, ‘ಇದು ಮೂಗಲ್ಲಿ ಮಾತಾಡ್ತಿದೆ’ ಎಂದು ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವರು.

ಆಯುಧಪೂಜೆ ಮುಗಿದ ವಾರ ಮಾತ್ರ ಅವರಿಗೆ ಸಿಟ್ಟು. ನಮ್ಮ ಕಡೆ ಕತ್ತಿ, ಕುಡುಗೋಲು, ಲಾರಿ, ಗಿರಣಿ, ಎಲ್ಲಕ್ಕೂ ಪೂಜೆಯಾಗುವಾಗ ಕೋವಿಗೆ ಆಗದೇ ಇರುತ್ತದೆಯೇ? ಅರಿಶಿನ, ಕುಂಕುಮ, ವಿಭೂತಿ, ನಿಂಬೆಹಣ್ಣಿನ ರಸ. ಎಂಟು ದಿನ ಕಳೆದ ಮೇಲೆ ತುಕ್ಕು ಹಿಡಿದು ಎಲ್ಲವೂ ಮೇಸ್ತ್ರಿಯ ವೈಸಿಗೆ ಬರುತ್ತಿದ್ದವು. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುತ್ತಾ ಗೊಣಗುವರು.

‘ಪೂಜೆ ಬೇಡ ಅನ್ನಲ್ಲ ಸಾಮಿ. ಒಂದು ಹೂವಿಟ್ಟು ಕೈ ಮುಗೀರಿ. ಸಾರಿಗೆ ಒಗ್ಗರಣೆ ಹಾಕ್ದಂಗೆ ಹಾಕ್ಬೇಡಿ.’

ತೀರ್ಥಹಳ್ಳಿ ಕಡೆಯ ಗೌಡರೊಬ್ಬರ ಜೋಡಿ ನಳಿಗೆಯ ಕೋವಿಯಿಂದ ಒಂದು ಸಲ ನಿಂಬೆಬೀಜ ತೆಗೆದರು. ಅಂಗೈ ಮೇಲೆ ಇಟ್ಟು ತೋರಿಸಿ, ‘ಸಾಮಿ, ಒಳಗೆ ಗಿಡ ಎಬ್ಬಿಸೋ ಯೋಚನೆನಾ?’ ಎಂದರು. ಗೌಡರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ನಾನು ಆ ಅಂಗಡಿಗೆ ಹೋಗುವಂತಾದದ್ದು ಒಂದು ಸಾಕ್ಷಿಯಿಂದ. ನನ್ನ ಅಂಗಡಿಯ ಮುಂದೆಯೇ ಒಬ್ಬನಿಗೆ ಚಾಕು ಹಾಕಿದರು. ಅಕ್ಕಪಕ್ಕದವರು ಯಾರೂ ನೋಡಿಲ್ಲ ಎಂದರು. ನಾನು ನೋಡಿದ್ದೇನೆ ಎಂದೆ, ಕೋರ್ಟಿನಲ್ಲಿ ನಿಂತೂ ಹೇಳಿದೆ. ಆಗಿನಿಂದ ಬೆದರಿಕೆ ಬರತೊಡಗಿತು. ಅರ್ಜಿ ಹಾಕಿ, ಪೊಲೀಸರು ಮನೆಗೆ ಬಂದು ವಿಚಾರಿಸಿ, ಡಿಸಿ ಆಫೀಸಿಗೆ ಅಲೆದು, ಕೊನೆಗೆ ಒಂದು ರಿವಾಲ್ವರಿಗೆ ಲೈಸೆನ್ಸ್ ಸಿಕ್ಕಿತು. ಊರಿನಲ್ಲಿ ಜನ ನನ್ನನ್ನು ನೋಡುವ ರೀತಿಯೇ ಬದಲಾಗಿತ್ತು. ನನಗೂ ಸ್ವಲ್ಪ ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ಯಜಮಾನರು ಎರಡು ರಿವಾಲ್ವರ್ ತೆಗೆದಿಟ್ಟರು. ಎರಡೂ ಸರ್ಕಾರಿ ಕಾರ್ಖಾನೆಯವು. ಎರಡಕ್ಕೂ ಅದೇ ತೋಟಾ, ಎರಡರಲ್ಲೂ ತೋಟಾ ಕೂರುವ ಮನೆ ಆರು. ಒಂದು ಹಳೆ ಮಾದರಿ, ಒಂದು ಹೊಸದು. ಬೇರೆ ಬೇರೆ ಇಟ್ಟರೆ ಯಾವುದು ಯಾವುದೆಂದು ಹೇಳಲು ನನ್ನಿಂದಾಗುತ್ತಿರಲಿಲ್ಲ. ‘ಮೇಸ್ತ್ರಿ ಹತ್ರ ಹೋಗಿ ಕೈಗೆ ಹಿಡಿದು ನೋಡಿ ರುದ್ರಪ್ಪನೋರೆ’ ಎಂದು ಹಿಂದಿನ ಕೋಣೆಗೆ ಕಳಿಸಿದರು.

‘ಎರಡೂ ಒಂದೇ ಅಲ್ವಾ ಮೇಸ್ತ್ರಿ?’

‘ಅವಳಿ ಮಕ್ಳು ಸಾಮಿ. ಮುಖ ಒಂದೇ, ಗುಣ ಬೇರೆ. ಮನೇಲಿ ಎಷ್ಟು ಜನ?’

‘ನಾನು, ನಮ್ಮನೆಯವಳು. ಮಗಳು ಮದ್ವೆ ಆಗಿ ದಾವಣಗೆರೆಗೆ ಹೋದ್ಲು.’

‘ಮನೆ ಬೀಗದ ಕೈ ಎಷ್ಟು ಜನರ ಹತ್ರ ಇದೆ?’

‘ನಾನು ಬಂದಿರೋದು ರಿವಾಲ್ವರ್ ತಗಳಕ್ಕೆ ಮೇಸ್ತ್ರಿ. ಬೀಗ ನಮ್ಮಂಗಡೀಲೇ ಡಜನ್‌ಗಟ್ಲೆ ಇದೆ.’

‘ಅದಕ್ಕೇ ಕೇಳಿದ್ದು. ಮಧ್ಯಾಹ್ನ ಮಲಗೋ ಅಭ್ಯಾಸ ಇದ್ಯಾ? ಎದ್ದ ತಕ್ಷಣ ಕಣ್ಣು ಸರಿಯಾಗಿ ಕಾಣುತ್ತಾ, ಇಲ್ಲ ಸ್ವಲ್ಪ ಹೊತ್ತು ಮಂಜಾ?’

ನನಗೆ ನಗು ಬಂತು. ಹೆಣ್ಣು ನೋಡಲು ಬಂದವರು ಕೂಡ ಇಷ್ಟು ಕೇಳುವುದಿಲ್ಲ ಎಂದೆ. ಅವರು ನಗಲಿಲ್ಲ. ಖಾಲಿ ರಿವಾಲ್ವರ್‌ಗಳನ್ನು ಒಂದಾದ ಮೇಲೊಂದು ನನ್ನ ಕೈಗೆ ಕೊಟ್ಟು, ಗೋಡೆಯ ಕಡೆ ಹಿಡಿದು ಒತ್ತಿ ಎಂದರು. ಹೊಸ ಮಾದರಿಯದು, ನಾನು ಒತ್ತಬೇಕು ಎಂದುಕೊಳ್ಳುವಷ್ಟರಲ್ಲಿ ಟಕ್ ಎಂದಿತು. ಹಳೆಯದಕ್ಕೆ ಬೆರಳಿನ ಬಲವೆಲ್ಲ ಹಾಕಬೇಕಾಯಿತು. ಅರ್ಧ ಎಳೆದಾಗ ಕೈ ನಡುಗಿತು, ಉಸಿರು ಕಟ್ಟಿ ಉಳಿದರ್ಧ ಎಳೆದೆ.

‘ಇದೇ ತಗಳಿ’ ಎಂದು ಮೇಸ್ತ್ರಿ ಗಟ್ಟಿಯದನ್ನು ಮುಟ್ಟಿದರು. ‘ಹಗುರದ್ದು ಇಟ್ಕೊಂಡ್ರೆ ನಿಮ್ಮ ಭಯಾನೇ ಒತ್ತಿಬಿಡುತ್ತೆ ಸಾಮಿ. ಗಟ್ಟಿದಾದ್ರೆ ನೀವೇ ಒತ್ಬೇಕು. ಅಷ್ಟರೊಳಗೆ ಎದುರಿಗಿರೋರ ಮುಖ ಕಾಣುತ್ತೆ.’

ಬಾಗಿಲಲ್ಲಿ ನಿಂತಿದ್ದ ಯಜಮಾನರು, ‘ಮೇಸ್ತ್ರಿ, ಗಿರಾಕೀನ ಹೆದರಿಸ್ಬೇಡ ಮಾರಾಯ’ ಎಂದರು. ‘ರುದ್ರಪ್ಪನೋರೆ, ಹೊಸದು ತಗೊಳ್ಳಿ. ಬೆಣ್ಣೆ ಇದ್ದಂಗಿದೆ.’

ನನ್ನ ಕೈ ನಡುಗಿದ್ದನ್ನು ಯಜಮಾನರು ನೋಡಿದ್ದರು. ಕೋರ್ಟಿನಲ್ಲಿ ಎದೆಯುಬ್ಬಿಸಿ ನಿಂತವನಿಗೆ ಒಂದು ಟ್ರಿಗರ್ ಎಳೆಯಲಾಗಲಿಲ್ಲ ಎಂದು ಅವರು ನಾಲ್ಕು ಜನರಲ್ಲಿ ಹೇಳಿಯಾರು ಎನ್ನಿಸಿತು. ಆ ಒಂದು ನಾಚಿಕೆಗೆ ಹಗುರದ್ದನ್ನೇ ತೆಗೆದುಕೊಂಡೆ.

ಮೇಸ್ತ್ರಿ ವಾದ ಮಾಡಲಿಲ್ಲ. ‘ಹಗುರದ್ದಕ್ಕೆ ಒಳಗಿನ ಸ್ಪ್ರಿಂಗೂ ಮೆದು. ಕೊಳೆ ಕೂತ್ರೆ ತೋಟಾಕ್ಕೆ ಪೆಟ್ಟು ಸಾಲಲ್ಲ. ಹಬ್ಬದಲ್ಲಿ ಹೂವು ಮಾತ್ರ, ತಿಳೀತಾ?’ ಎಂದರು. ತಿಳೀತು ಎಂದೆ. ದಸರೆಗೆ ಮುಂಚೆ ಒಂದು ಸಲ ಒಯ್ದು ಅವರಿಂದಲೇ ಸರ್ವಿಸ್ ಕೂಡ ಮಾಡಿಸಿಕೊಂಡು ಬಂದೆ.

ಆದರೆ ಹಬ್ಬ ಬಂದಾಗ ಮನಸ್ಸು ತಡೆಯಲಿಲ್ಲ. ಅಂಗಡಿಯ ತಕ್ಕಡಿ, ಪೈಪು ಕೊಯ್ಯುವ ಯಂತ್ರ, ಸ್ಕೂಟರು, ಅದರ ಜೊತೆಗೆ ರಿವಾಲ್ವರು. ಮೂರು ಬೆರಳು ವಿಭೂತಿ ಎಳೆದೆ, ಕುಂಕುಮ ಇಟ್ಟೆ, ನಿಂಬೆಹಣ್ಣು ಹಿಂಡಿದೆ. ಆಮೇಲೆ ತುಕ್ಕಿನ ನೆನಪಾಗಿ, ನಮ್ಮನೆಯವಳ ಕೊಬ್ಬರಿ ಎಣ್ಣೆಯ ಬಾಟಲಿ ತಂದು ಕಂಡ ಕಂಡ ಸಂದಿಗೆಲ್ಲ ಬಿಟ್ಟೆ.

‘ನನ್ನ ತಲೆಗೆ ಇಲ್ದಿದ್ರೂ ನಿಮ್ಮ ಪಿಸ್ತೂಲಿಗೆ ಎಣ್ಣೆ ಆಯ್ತಲ್ಲ ಮಾರಾಯ್ರೇ’ ಎಂದಳು ಅವಳು.

ಎರಡು ತಿಂಗಳು ಕಳೆಯಿತು. ಚಾಕು ಹಾಕಿದವನಿಗೆ ಜಾಮೀನು ಸಿಕ್ಕಿತೆಂದು ಸುದ್ದಿ ಬಂತು. ಮಾರನೇ ದಿನ ಗುರುತಿಲ್ಲದ ಇಬ್ಬರು ಬೈಕ್ ನಿಲ್ಲಿಸಿಕೊಂಡು ನನ್ನ ಅಂಗಡಿಯನ್ನೇ ನೋಡುತ್ತಾ ನಿಂತಿದ್ದರು. ನಮ್ಮನೆಯವಳು ಶಿವಮೊಗ್ಗದ ರಾಗಿಗುಡ್ಡದಲ್ಲಿ ತಂಗಿಯ ಮನೆಗೆ ಹೋಗಿದ್ದಳು, ನಾಳೆ ಬರುತ್ತೇನೆ ಎಂದಿದ್ದಳು. ಮಧ್ಯಾಹ್ನ ನಾನು ಅಂಗಡಿ ಮುಚ್ಚಿ ಮನೆಗೆ ಬಂದು, ಮುಂದಿನ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ, ಉಂಡು, ರಿವಾಲ್ವರನ್ನು ದಿಂಬಿನ ಕೆಳಗಿಟ್ಟು ಮಲಗಿದೆ.

ಎಚ್ಚರವಾದದ್ದು ಹಿತ್ತಲ ಬಾಗಿಲ ಸದ್ದಿಗೆ. ಬೀಗ ತಿರುಗಿತು. ಚಪ್ಪಲಿಯಿಲ್ಲದ ಕಾಲು ಅಡುಗೆಮನೆಯ ಒಳಗೆ ಬಂತು. ಅಡುಗೆಮನೆಗೂ ನಾನು ಮಲಗಿದ್ದ ಕೋಣೆಗೂ ನಡುವೆ ಬರಿಯ ಒಂದು ಪರದೆ. ಪರದೆಯ ಹಿಂದೆ ನೆರಳು ನಿಂತಿತು. ಯಾರು ಎಂದು ನಾನು ಕೇಳಲಿಲ್ಲ. ಎರಡಕ್ಷರದ ಮಾತು, ಕೇಳಬಹುದಿತ್ತು. ದಿಂಬಿನ ಕೆಳಗಿನದನ್ನು ತೆಗೆದು ನೆರಳಿನತ್ತ ಹಿಡಿದೆ. ಒತ್ತಿದೆ. ಟಕ್ ಎಂದಿತು. ಮತ್ತೆ ಒತ್ತಿದೆ. ಮತ್ತೆ ಟಕ್ ಎಂದಿತು.

ಪರದೆ ಸರಿಸಿಕೊಂಡು ನಮ್ಮನೆಯವಳು ಬಂದಳು. ಕೈಯಲ್ಲಿ ಅವರೆಕಾಯಿಯ ಚೀಲ.

‘ಹಗಲೊತ್ತಲ್ಲಿ ಹಿಂಗಾ ಮಲಗೋದು? ಬೆಲ್ ಒತ್ತಿದ್ರೆ ಕರೆಂಟಿಲ್ಲ, ಬಾಗಿಲು ಬಡಿದ್ರೆ ನೀವಿಲ್ಲ. ತಂಗಿ ಮನೇಲಿ ಗಂಡ ಹೆಂಡ್ತಿ ಜಗಳ ಕಣ್ರೀ, ಅದಕ್ಕೇ ಇವತ್ತೇ ಬಂದೆ. ಯಾಕ್ರೀ ಹಂಗೆ ಬೆವತಿದೀರಾ?’

‘ಸೆಕೆ’ ಎಂದೆ. ಅಷ್ಟರಲ್ಲಿ ರಿವಾಲ್ವರನ್ನು ಹೊದಿಕೆಯೊಳಗೆ ತುರುಕಿದ್ದೆ.

‘ಅವರೆಕಾಯಿ ಕಾಲದಲ್ಲಿ ಸೆಕೆ! ಬನ್ನಿ, ಕಾಯಿ ಬಿಡಿಸಿಕೊಡಿ’ ಎಂದಳು.

ಅಡುಗೆಮನೆಯಲ್ಲಿ ಎದುರುಬದುರು ಕೂತು ಕಾಯಿ ಬಿಡಿಸಿದೆವು. ಅವಳು ತಂಗಿಯ ಮನೆಯ ಜಗಳವನ್ನು ಮೊದಲಿನಿಂದ ಹೇಳುತ್ತಿದ್ದಳು. ನಾನು ಬಿಡಿಸುತ್ತಿದ್ದದ್ದು ಅದೇ ಬೆರಳಿನಿಂದ.

ಮಾರನೇ ದಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋದೆ. ಯಾಕೆ ಹೋದೆನೋ. ಯಾರಿಗಾದರೂ ಹೇಳಬೇಕಿತ್ತು ಎಂದು ಕಾಣುತ್ತದೆ. ಆದರೆ ಮೇಸ್ತ್ರಿಯ ಮುಂದೆ ಹೇಳಿದ್ದು, ‘ಇದ್ಯಾಕೋ ಸರಿ ಇಲ್ಲ, ನೋಡಿ’ ಎಂದು ಮಾತ್ರ. ಅವರು ಆರೂ ತೋಟಾಗಳನ್ನು ತೆಗೆದು ಬೆಳಕಿಗೆ ಹಿಡಿದರು. ಅದರಲ್ಲಿ ಎರಡನ್ನು ಬೇರೆ ಇಟ್ಟರು. ಆ ಎರಡರ ಬುಡದಲ್ಲಿ ಮಾತ್ರ ಉಗುರಿನಿಂದ ಒತ್ತಿದಂತೆ ಸಣ್ಣ ತಗ್ಗು, ಕುದುರೆಯ ಪೆಟ್ಟು ಬಿದ್ದೂ ಸಾಲದೇ ಹೋದ ಗುರುತು. ರಿವಾಲ್ವರಿನ ಒಳಗನ್ನು ಮೂಸಿ ನೋಡಿದರು.

‘ಕೊಬ್ಬರಿ ಎಣ್ಣೆ. ಕುಂಕುಮ’ ಎಂದರು. ಆಮೇಲೆ ಮುಂದಿನ ಅಂಗಡಿಗೆ ಕೇಳಿಸದ ಹಾಗೆ, ‘ಬೀಗದ ಕೈ ಇದ್ದೋರೇ ಬಂದಿದ್ರಾ ಸಾಮಿ?’ ಎಂದರು.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ‘ನಮ್ಮನೆಯವಳು’ ಎಂದೆ.

ಮೇಸ್ತ್ರಿ ತಮ್ಮ ಬಾಟಲಿಯ ನೀರು ಕೊಟ್ಟರು. ನಾನು ಕುಡಿದು ಮುಗಿಸುವವರೆಗೆ ಕಾದರು. ‘ಇದನ್ನ ವಾಪಸ್ ಕೊಟ್ಬಿಡಿ. ಇದಲ್ಲ ಅಂತ ಅದನ್ನೂ ತಗೋಬೇಡಿ. ನಿಮಗೆ ಗಟ್ಟಿದೂ ಬೇಡ ಸಾಮಿ. ನಾನೂ ಆವತ್ತು ಅಷ್ಟು ಹೇಳ್ಬೇಕಿತ್ತು, ಹೇಳ್ಲಿಲ್ಲ’ ಎಂದರು.

ಅಷ್ಟರಲ್ಲಿ ಯಜಮಾನರು ಒಳಗೆ ಬಂದರು. ‘ಏನಾಯ್ತು ರುದ್ರಪ್ಪನೋರೆ, ಬೆಳಿಗ್ಗೆ ಬೆಳಿಗ್ಗೆ?’

ಈ ಜಾಗಕ್ಕೆ ಬಂದಾಗಲೆಲ್ಲ ನಾನು ಹಿಂದೆ ಪೆನ್ನು ಕೆಳಗಿಟ್ಟು ಎದ್ದುಹೋಗಿದ್ದೇನೆ. ನಿಜ ಹೇಳಿದರೆ ಹೆಂಡತಿಗೇ ಗುಂಡು ಹಾರಿಸಲು ಹೋದವನು ಎಂದು ಊರೆಲ್ಲ ಆಗುತ್ತದೆ, ಪೊಲೀಸರು ಬರುತ್ತಾರೆ, ಅವಳಿಗೆ ಗೊತ್ತಾಗುತ್ತದೆ. ನನ್ನ ಬಾಯಿಂದ ಬಂದದ್ದು ಇದು: ‘ದಸರೆಗೆ ಮುಂಚೆ ಇವರ ಹತ್ರಾನೇ ಸರ್ವಿಸ್ ಮಾಡಿಸಿದ್ದೆ. ಒಳಗೆ ಏನು ಹಾಕಿಟ್ಟಿದಾರೋ. ಮನೇಲಿ ಖಾಲಿ ಒತ್ತಿ ನೋಡಿದ್ರೆ ಕುದುರೆ ಅಂಟ್ಕೋತಿದೆ. ನಿಜವಾಗ್ಲೂ ಯಾರಾದ್ರೂ ನುಗ್ಗಿದ್ರೆ ನನ್ನ ಗತಿ ಏನಾಗ್ತಿತ್ತು?’

ಆ ಎರಡು ತೋಟಾಗಳು ಮೇಜಿನ ಮೇಲೆಯೇ ಇದ್ದವು. ನಾನು ಖಾಲಿ ಒತ್ತಿರಲಿಲ್ಲ ಎಂದು ಅವನ್ನು ನೋಡಿದರೆ ಯಜಮಾನರಿಗೆ ತಿಳಿದುಬಿಡುತ್ತಿತ್ತು. ಮೇಸ್ತ್ರಿ ಅವನ್ನು ಎತ್ತಿ ತೋರಿಸಿದ್ದರೆ ಸಾಕಿತ್ತು. ಅವರ ಕೈ ಮೇಜಿನ ಮೇಲೆ ಬಂತು. ಎರಡನ್ನೂ ಮುಷ್ಟಿಯೊಳಗೆ ತೆಗೆದುಕೊಂಡರು. ಮುಷ್ಟಿ ಬಿಚ್ಚಲಿಲ್ಲ.

‘ಹೌದಾ ಮೇಸ್ತ್ರಿ?’ ಎಂದರು ಯಜಮಾನರು.

‘ಸಾಮಿ ಹೇಳ್ತಿದಾರಲ್ಲ. ನಂದೇ ತಪ್ಪಿರ್ಬೇಕು.’

ಗಿರಾಕಿಗಳನ್ನು ಹೆದರಿಸಿ ಕಳಿಸುತ್ತಾನೆಂದು ಯಜಮಾನರಿಗೆ ಮೊದಲೇ ಅಸಮಾಧಾನವಿತ್ತು. ಬರೆದುಕೊಡಿ ಎಂದರು. ಅವರದೇ ಅಂಗಡಿಯ ಕಾಗದದ ಮೇಲೆ, ರಿಪೇರಿಯವರ ಅಜಾಗರೂಕತೆಯಿಂದ ನನ್ನ ಜೀವಕ್ಕೆ ಅಪಾಯವಾಗುವುದಿತ್ತು ಎಂದು ಬರೆದು ಸಹಿ ಹಾಕಿದೆ. ‘ಕೋರ್ಟಲ್ಲಿ ಎದುರು ನಿಂತು ಸಾಕ್ಷಿ ಹೇಳಿದ ಮನುಷ್ಯ, ಇವರು ಸುಳ್ಳು ಹೇಳ್ತಾರಾ?’ ಎಂದು ಯಜಮಾನರು ಮೇಸ್ತ್ರಿಯನ್ನೇ ಕೇಳಿದರು. ಮೇಸ್ತ್ರಿ ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಡಚಿ, ವೈಸಿನ ಮೇಲಿಟ್ಟು, ಊಟದ ಕ್ಯಾರಿಯರ್ ತೆಗೆದುಕೊಂಡು ಹೊರಟರು.

ಕೋವಿ ರಿಪೇರಿಯನ್ನು ಲೈಸೆನ್ಸ್ ಇರುವ ಅಂಗಡಿಯೊಳಗೇ ಮಾಡಬೇಕು. ಹೆಸರು ಕೆಟ್ಟವರನ್ನು ಇನ್ನೊಂದು ಅಂಗಡಿ ಸೇರಿಸಿಕೊಳ್ಳುವುದಿಲ್ಲ. ಮೇಸ್ತ್ರಿ ಆಮೇಲೆ ಕೋವಿ ಮುಟ್ಟಲಿಲ್ಲ. ಭದ್ರಾವತಿಯ ಓಲ್ಡ್ ಟೌನಿನ ಒಂದು ಸಂದಿಯಲ್ಲಿ ಸ್ಟೌ, ಕುಕ್ಕರು, ಮಿಕ್ಸಿ ರಿಪೇರಿಗೆ ಕೂತರು. ನಾನು ತಿಂಗಳೊಳಗೆ ರಿವಾಲ್ವರ್ ವಾಪಸ್ ಕೊಟ್ಟು, ಲೈಸೆನ್ಸ್ ರದ್ದು ಮಾಡಿಸಿದೆ. ಬೆದರಿಕೆಯೂ ತಾನಾಗಿ ನಿಂತಿತು. ನಮ್ಮನೆಯವಳು, ‘ಅಬ್ಬಾ, ಪೀಡೆ ಹೋಯ್ತು’ ಎಂದು ಒಬ್ಬಟ್ಟು ಮಾಡಿದಳು.

ಒಂದು ದಿನ ಅವಳು ಕುಕ್ಕರ್ ಹಿಡಿದುಕೊಂಡು ಅವರಲ್ಲಿಗೇ ಹೋಗಿದ್ದಳು. ನನಗೆ ಗೊತ್ತಿರಲಿಲ್ಲ. ಬಂದು ಹೇಳಿದಳು:

‘ಒಳ್ಳೇ ವಿಚಿತ್ರದ ಮನುಷ್ಯ ಕಣ್ರೀ. ಯಾವ ಮನೆ ಅಕ್ಕ ಅಂದ್ರು. ಜನ್ನಾಪುರದ ಹಾರ್ಡ್‌ವೇರ್ ರುದ್ರಪ್ಪನೋರ ಮನೆ ಅಂದೆ. ಎದ್ದು ನಿಂತು ತಮ್ಮ ಸ್ಟೂಲ್ ಕೊಟ್ರು. ಕುಕ್ಕರ್ ಬಿಟ್ಟು ನನ್ನೇ ನೋಡ್ತಿದ್ರು, ಯಾವುದೋ ಕಳೆದೋದ ಸಾಮಾನು ಸಿಕ್ತು ಅನ್ನಂಗೆ. ಬರೋವಾಗ ಏನಂದ್ರು ಗೊತ್ತಾ? ಅಕ್ಕಾ, ಮನೆ ಒಳಗೆ ಹೋಗೋವಾಗ ಒಂದು ಸಲ ಕೂಗಿ ಹೋಗಿ. ನಿಮ್ಮನೆಯಾದ್ರೂ ಸರಿ, ಕೂಗಿ ಹೋಗಿ ಅಂತ!’

ಅವಳಿಗೆ ಅದು ತಮಾಷೆಯಾಗಿ ಕಂಡಿತು. ಆವತ್ತಿನಿಂದ ಹೊರಗೆ ಹೋಗಿ ಬಂದಾಗಲೆಲ್ಲ ಹೊಸ್ತಿಲಲ್ಲಿ ನಿಂತು, ‘ನಾನೇ ರೀ, ನಾನೇ!’ ಎಂದು ಕೂಗಿ, ನಕ್ಕು ಒಳಗೆ ಬರುತ್ತಿದ್ದಳು. ಎಂಟು ವರ್ಷ ಹಾಗೆ ಕೂಗಿದಳು. ನಾನು ಒಂದು ಸಲವೂ ನಗಲಿಲ್ಲ. ನಿಮಗೆ ಹಾಸ್ಯವೇ ಗೊತ್ತಾಗಲ್ಲ ಎನ್ನುತ್ತಿದ್ದಳು.

ಕ್ಷಮೆ ಕೇಳಬೇಕೆಂದು ಒಂದು ಸಲ ಆ ಸಂದಿಯವರೆಗೆ ಹೋದೆ. ಮೇಸ್ತ್ರಿ ಸ್ಟೌ ಬರ್ನರ್ ಊದುತ್ತಿದ್ದರು. ಮುಖಕ್ಕೆ ಕನ್ನಡಕ ಬಂದಿತ್ತು. ನನ್ನನ್ನು ನೋಡಿ, ‘ಅಕ್ಕ ಚೆನ್ನಾಗಿದಾರಾ ಸಾಮಿ?’ ಎಂದರು. ಚೆನ್ನಾಗಿದಾಳೆ ಎಂದೆ. ‘ಅಷ್ಟು ಸಾಕು’ ಎಂದು ಮತ್ತೆ ಬರ್ನರ್ ಊದತೊಡಗಿದರು. ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಏನೂ ಹೇಳದೆ ಬಂದುಬಿಟ್ಟೆ.

ಸುದ್ದಿ ಕೇಳಿದ ಮೇಲಿನ ವಾರ ಅವರ ಮನೆ ಹುಡುಕಿಕೊಂಡು ಹೋದೆ. ಮನೆಯಲ್ಲಿ ಅವರ ಹೆಂಡತಿ ಒಬ್ಬರೇ ಇದ್ದರು. ಹಳೆ ಗಿರಾಕಿ ಎಂದೆ. ಕಾಫಿ ಕೊಟ್ಟರು. ಫೋಟೋದ ಮುಂದೆ ಕನ್ನಡಕ ಇಟ್ಟಿದ್ದರು.

‘ಕಣ್ಣು ಹೋಯ್ತಲ್ಲಣ್ಣ, ಅದಕ್ಕೇ ಕೋವಿ ಕೆಲಸ ಬಿಟ್ಟಿದ್ದು’ ಎಂದರು. ‘ಒಂದಿನ ಇದ್ದಕ್ಕಿದ್ದಂಗೆ ಮನೆಗೆ ಬಂದು, ಸಣ್ಣ ಸಾಮಾನು ಕಾಣಲ್ಲ, ನಾನೇ ಬಿಟ್ಬಂದೆ ಅಂದ್ರು. ಸಂತೇಲಿ ಈ ಕನ್ನಡಕ ತಗೊಂಡ್ರು. ಮಗಳು ಹೇಳಿ ಹೇಳಿ ಸಾಕಾದ್ಲು, ಆಸ್ಪತ್ರೆಗೆ ಬಾರಪ್ಪ, ಆಪರೇಷನ್ ಮಾಡ್ಸೋಣ, ಮತ್ತೆ ಕೆಲಸಕ್ಕೆ ಹೋಗ್ಬೋದು ಅಂತ. ಕಣ್ಣಿನ ಕ್ಯಾಂಪಲ್ಲಿ ಹೆಸರು ಬರೆಸಿ ಕೂರಿಸಿದ್ರೆ ಡಾಕ್ಟರ್ ಕರೆಯೋದ್ರೊಳಗೆ ಎದ್ದು ಓಡ್ಬಂದ್ರು. ಅಷ್ಟು ಹಠ. ನಮ್ಮನ್ನೆಲ್ಲ ಕಷ್ಟಕ್ಕೆ ಹಾಕಿ ಸ್ಟೌ ಊದ್ಕೊಂಡ್ ಕೂತಿದಾನೆ ಅಂತ ಮಗಳು ಅಪ್ಪನ ಜೊತೆ ಮಾತೇ ಬಿಟ್ಲು. ಮೂರು ವರ್ಷ. ಕೊನೆಗೂ ಸರಿಯಾಗಿ ಮಾತಾಡ್ಲಿಲ್ಲ.’

ಕನ್ನಡಕ ತೆಗೆದು ಹಾಕಿಕೊಂಡೆ. ನನ್ನ ಕಣ್ಣಿಗೆ ಎಲ್ಲವೂ ಮೊದಲಿದ್ದ ಹಾಗೆಯೇ ಕಂಡಿತು. ಬರಿಯ ಗಾಜು.

‘ಅವರ ಕಣ್ಣಿಗೆ ಏನೂ ಆಗಿರ್ಲಿಲ್ಲಮ್ಮ’ ಎಂದೆ. ‘ನಾನೊಂದು ಸುಳ್ಳು ಬರೆದುಕೊಟ್ಟೆ. ಅದಕ್ಕೇ ಅವರ ಕೆಲಸ ಹೋಯ್ತು.’

ಆಕೆ ಕನ್ನಡಕವನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಒರೆಸಿದರು. ತುಂಬ ಹೊತ್ತು ಒರೆಸಿದರು. ಆಮೇಲೆ, ‘ನನಗೆ ಹೇಳ್ಬೇಡಿ’ ಎಂದರು. ‘ಮಗಳು ಸ್ಕೂಲಲ್ಲಿ ಟೀಚರು, ಐದು ಗಂಟೆಗೆ ಬರ್ತಾಳೆ. ಅವಳೆದುರಿಗೆ ಹೇಳಿ. ಕೂತ್ಕೊಳ್ಳಿ.’

ಕೂತೆ. ಗೋಡೆಯ ಗಡಿಯಾರ ನೋಡುತ್ತಾ ಕೂತೆ. ಆಕೆ ಒಳಗೆ ಹೋಗಿ ಮತ್ತೆ ಕಾಫಿಗೆ ಇಟ್ಟರು. ನಾಲ್ಕೂವರೆಗೆ ನಾನು ಎದ್ದು, ಸದ್ದಾಗದ ಹಾಗೆ ಚಪ್ಪಲಿ ಮೆಟ್ಟಿಕೊಂಡು, ಬಂದುಬಿಟ್ಟೆ.

ಆ ಮಗಳ ಮುಖವನ್ನು ನಾನು ಇದುವರೆಗೆ ನೋಡಿಲ್ಲ. ಅಮ್ಮಾ, ಇದು ನಿಮ್ಮ ಕೈಗೆ ಸೇರುವಂತೆ ಮಾಡುತ್ತೇನೆ. ನಿಮ್ಮ ಅಪ್ಪ ಹಠ ಮಾಡಲಿಲ್ಲ. ಡಾಕ್ಟರು ಕಣ್ಣು ನೋಡಿದ್ದರೆ ಕಣ್ಣು ಚೆನ್ನಾಗಿದೆ ಎಂದುಬಿಡುತ್ತಿದ್ದರು. ಮತ್ಯಾಕೆ ಕೆಲಸ ಬಿಟ್ಟೆ ಎಂದು ನೀವು ಕೇಳುತ್ತಿದ್ದಿರಿ. ಆಗ ಅವರು ನನ್ನ ಹೆಸರು ಹೇಳಬೇಕಾಗುತ್ತಿತ್ತು. ಹೇಳಬಾರದೆಂದು ಅವರು ಎದ್ದು ಓಡಿದರು. ರಿವಾಲ್ವರ್ ಕೆಡಿಸಿದವನು ನಾನು. ಸುಳ್ಳು ಬರೆದವನು ನಾನು. ಎದುರಿಗೆ ನಿಂತೂ ನಾನು ಕ್ಷಮೆ ಕೇಳದೇ ಬಂದ ಮನುಷ್ಯ ನಿಮ್ಮ ಅಪ್ಪ.